ಒಂಬತ್ತು ಚದರದ ಲೆಕ್ಕ

(ಮೈಸೂರಿನಲ್ಲಿ 30×40ರ ಒಂದು ಸೈಟು ಇರುವ ನಿವೃತ್ತ ಮೇಷ್ಟ್ರು, ಮನೆಗಳ ನಕ್ಷೆ ಬರೆಯುವುದನ್ನೇ ವೃತ್ತಿ ಮಾಡಿಕೊಂಡಿರುವ ಅವರ ತಮ್ಮನ ಮಗಳು.)

ದೊಡ್ಡಪ್ಪ: ಇದೋ ನೋಡಮ್ಮ, ಕಂಟ್ರಾಕ್ಟರು ಮಾಡಿಸಿಕೊಟ್ಟ ಪ್ಲಾನು. ಎರಡು ಅಂತಸ್ತು, 19 ಚದರ, ನಾಲ್ಕು ಬೆಡ್‌ರೂಮು, ನಾಲ್ಕಕ್ಕೂ ಅಟ್ಯಾಚ್ಡ್ ಬಾತ್‌ರೂಮು. ನಿನ್ನ ಕಣ್ಣಿಗೆ ಒಂದು ಸಲ ಬಿದ್ದರೆ ಪಾಯ ತೋಡಿಸಿಬಿಡೋಣ ಅಂತ ತಂದೆ.

ಮಗಳು: ಒಂದು ಮಾತು ಕೇಳಲಾ ದೊಡ್ಡಪ್ಪ? ಬೆಳಿಗ್ಗೆ ಎದ್ದು ಪೇಪರ್ ಹಿಡಿದು ಕಾಫಿ ಕುಡಿಯುತ್ತೀರಲ್ಲ, ಈ ಮನೆಯಲ್ಲಿ ಎಲ್ಲಿ ಕೂತು ಕುಡಿಯುತ್ತೀರಿ?

ದೊಡ್ಡಪ್ಪ: ಇನ್ನೆಲ್ಲಿ, ಹಾಲ್‌ನಲ್ಲಿ.

ಮಗಳು: ಹಾಲ್ 10×13 ಇದೆ. ಅದರೊಳಗೆ ಮೇಲಕ್ಕೆ ಹೋಗುವ ಮೆಟ್ಟಿಲು ಬಂದು ಇಳಿಯುತ್ತದೆ, ನಾಲ್ಕು ಬಾಗಿಲು ತೆರೆದುಕೊಳ್ಳುತ್ತವೆ. ಬಾಗಿಲಿಂದ ಬಾಗಿಲಿಗೆ ಓಡಾಡುವ ದಾರಿ ಕಳೆದರೆ ಕುರ್ಚಿ ಹಾಕಲು ಒಂದು ಮೂಲೆ ಉಳಿಯುತ್ತದೆ. ಆ ಮೂಲೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದೆ. ಎರಡೂ ಪಕ್ಕ ಎರಡೆರಡೇ ಅಡಿ ಬಿಟ್ಟಿದ್ದಾರೆ. ಪಕ್ಕದವರೂ ಹೀಗೇ ಕಟ್ಟಿದರೆ ಮಧ್ಯಾಹ್ನ ಪೇಪರ್ ಓದಲೂ ಲೈಟು ಹಾಕಬೇಕಾಗುತ್ತದೆ.

ದೊಡ್ಡಪ್ಪ: ಸೈಟು ಇರೋದೇ ಅಷ್ಟು. ಏನು ಮಾಡೋಕಾಗುತ್ತೆ?

ಮಗಳು: ಸೈಟು ಚಿಕ್ಕದು ಅನ್ನುವುದಕ್ಕಿಂತ ಅದರೊಳಗೆ ತುರುಕಿದ್ದು ಹೆಚ್ಚಾಯಿತು. ಈ ಪ್ಯಾಸೇಜು ನೋಡಿ, ಮೂರೂವರೆ ಅಡಿ ಅಗಲ, ಹದಿನೆಂಟು ಅಡಿ ಉದ್ದ. 63 ಚದರಡಿ. ಅಡಿಗೆಮನೆ 8×8, ಅಂದರೆ 64. ದೊಡ್ಡಮ್ಮ ದಿನದ ಅರ್ಧ ಭಾಗ ನಿಂತು ಕೆಲಸ ಮಾಡುವ ಜಾಗಕ್ಕೂ, ಯಾರೂ ಒಂದು ನಿಮಿಷ ನಿಲ್ಲದ ಓಣಿಗೂ ಹೆಚ್ಚುಕಮ್ಮಿ ಒಂದೇ ಜಾಗ ಕೊಟ್ಟಿದ್ದಾರೆ. ಮನೆ ದೊಡ್ಡದು, ಕೋಣೆಗಳೆಲ್ಲ ಚಿಕ್ಕವು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಇಪ್ಪತ್ತು ಚದರದ ಹತ್ತಿರ ಹತ್ತಿರ ಕಟ್ಟಿ, ಕೈಕಾಲು ಚಾಚಲು ಜಾಗವಿಲ್ಲದ ಮನೆಗಳು ಪ್ರತಿ ಬಡಾವಣೆಯಲ್ಲೂ ಸಾಲಾಗಿ ಏಳುತ್ತಿವೆ.

ದೊಡ್ಡಪ್ಪ: ಹಾಗಾದರೆ ನೀನು ಎಷ್ಟು ಚದರ ಅಂತೀಯ?

ಮಗಳು: ಬರೆದು ತೋರಿಸುತ್ತೇನೆ, ನೋಡಿ. ಕೆಳಗೆ 23×32, ಅಂದರೆ 736 ಚದರಡಿ, ಜಗಲಿಯೂ ಅದರಲ್ಲೇ ಸೇರಿ. ಮೇಲೆ ಬಾತ್‌ರೂಮ್ ಸಮೇತ ಒಂದೇ ಒಂದು ಕೋಣೆ, 180. ಒಟ್ಟು ಒಂಬತ್ತು ಚದರ, ಮೇಲೊಂದು ಚಿಲ್ಲರೆ.

ದೊಡ್ಡಪ್ಪ: ಅರ್ಧಕ್ಕರ್ಧ ಕಡಿದುಬಿಟ್ಟೆಯಲ್ಲ! ಮೂವತ್ತೈದು ವರ್ಷ ಪಾಠ ಹೇಳಿದವನಮ್ಮ ನಾನು. ಜೀವನದಲ್ಲಿ ಕಟ್ಟೋದು ಒಂದೇ ಮನೆ. ಗೃಹಪ್ರವೇಶಕ್ಕೆ ಬಂದವರು ‘ಇಷ್ಟೇನಾ?’ ಅಂದರೆ?

ಮಗಳು: ಗೃಹಪ್ರವೇಶ ಒಂದು ದಿನ. ಆಮೇಲೆ ಕಸ ಗುಡಿಸುವವರು, ನೆಲ ಒರೆಸುವವರು, ರಾತ್ರಿ ಬಾಗಿಲು ಕಿಟಕಿ ಹಾಕಿಕೊಂಡು ಬರುವವರು ನೀವಿಬ್ಬರು. ನಾಲ್ಕು ಬಾತ್‌ರೂಮ್ ಅಂದರೆ ನಾಲ್ಕು ಕಡೆ ನಲ್ಲಿ ಸೋರುವುದು, ನಾಲ್ಕು ಕಡೆ ತೇವ ಏರುವುದು. ದುಡ್ಡಿನ ಮಾತೂ ಇದೆ. ಚದರಡಿಗೆ 2,000 ರೂಪಾಯಿ ಅಂತ ತೀರಾ ಕಮ್ಮಿ ಹಿಡಿದರೂ ಒಂದು ಚದರಕ್ಕೆ 2 ಲಕ್ಷ. ಹತ್ತು ಚದರ ಇಳಿಸಿದರೆ 20 ಲಕ್ಷ ಕೈಯಲ್ಲಿ ಉಳಿಯುತ್ತದೆ.

ದೊಡ್ಡಪ್ಪ: ದುಡ್ಡು ಉಳಿಸೋಕೆ ಚಿಕ್ಕ ಮನೆ, ಅಷ್ಟೇ ತಾನೆ ನಿನ್ನ ವಾದ?

ಮಗಳು: ಎಲ್ಲವನ್ನೂ ಉಳಿಸಿ ಅನ್ನುತ್ತಿಲ್ಲ. ಒಂದಷ್ಟನ್ನು ಇದೇ ಮನೆಗೆ ಹಾಕಿ ಅನ್ನುತ್ತೇನೆ. ಅಮೆರಿಕದಲ್ಲಿ ಸಾರಾ ಸುಸಾಂಕಾ ಅಂತ ಒಬ್ಬ ವಾಸ್ತುಶಿಲ್ಪಿ, 1998ರಲ್ಲಿ ‘ದಿ ನಾಟ್ ಸೋ ಬಿಗ್ ಹೌಸ್’ ಅಂತ ಪುಸ್ತಕ ಬರೆದರು. ಅಂದುಕೊಂಡದ್ದಕ್ಕಿಂತ ಮೂರರಲ್ಲೊಂದು ಭಾಗ ಚಿಕ್ಕದಾಗಿ ಕಟ್ಟಿ, ಹಣ ಮಾತ್ರ ಅಷ್ಟೇ ಖರ್ಚು ಮಾಡಿ, ಆ ಹಣ ಮರಗೆಲಸಕ್ಕೆ, ಕಿಟಕಿಗೆ, ದಿನಾ ಕೈ ಮುಟ್ಟುವ ಜಾಗಗಳಿಗೆ ಹೋಗಲಿ ಅನ್ನುವುದು ಅವರ ವಾದ. ಅಲ್ಲಿ ಅದನ್ನು ಹೇಳಬೇಕಾದ ಕಾಲ ಬಂದಿತ್ತು. 1973ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಒಂಟಿ ಮನೆಗಳ ಸರಾಸರಿ ಅಳತೆ 1,660 ಚದರಡಿ. 2015ರ ಹೊತ್ತಿಗೆ ಅದು 2,687 ಆಯಿತು. ಆ ಅವಧಿಯಲ್ಲಿ ಒಂದೊಂದು ಮನೆಯಲ್ಲಿರುವ ಜನ ಕಮ್ಮಿಯಾಗುತ್ತ ಬಂದರು.

ದೊಡ್ಡಪ್ಪ: ಅಮೆರಿಕದವರ ಅತಿರೇಕ ನಮಗೆ ಯಾಕಮ್ಮ ಪಾಠ? ನಾವು ಹುಟ್ಟಿ ಬೆಳೆದದ್ದೇ ಮೂರಂಕಣದ ಮನೆಯಲ್ಲಿ. ಚಿಕ್ಕ ಮನೆ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು.

ಮಗಳು: ನಾನೂ ಅಲ್ಲಿಗೇ ಬರುತ್ತಿದ್ದೆ. ಆ ಮನೆಯಲ್ಲಿ ಎಷ್ಟು ಜನ ಮಲಗುತ್ತಿದ್ದಿರಿ?

ದೊಡ್ಡಪ್ಪ: ಹತ್ತು ಜನಕ್ಕೆ ಕಮ್ಮಿ ಯಾವತ್ತೂ ಇರಲಿಲ್ಲ. ನಡುಮನೆಯಲ್ಲಿ ಹೆಂಗಸರು ಮಕ್ಕಳು, ಜಗಲಿಯಲ್ಲಿ ಗಂಡಸರು. ಅದೇ ನಡುಮನೆಯಲ್ಲಿ ಊಟ, ಅಲ್ಲೇ ತೊಟ್ಟಿಲು, ಅಲ್ಲೇ ಶ್ರಾದ್ಧ, ಅಲ್ಲೇ ನಮ್ಮಕ್ಕನ ಮದುವೆ ಮಾತುಕತೆ. ಮಳೆ ಹಿಡಿದರೆ ಮೂಟೆಗಳೂ ಅಲ್ಲೇ.

ಮಗಳು: ಒಂದೇ ಜಾಗ ಅಷ್ಟೆಲ್ಲ ಆಗುತ್ತಿದ್ದದ್ದು ಹೇಗೆ? ಅಲ್ಲಿ ಮಂಚ ಇರಲಿಲ್ಲ, ಸೋಫಾ ಇರಲಿಲ್ಲ, ಡೈನಿಂಗ್ ಟೇಬಲ್ ಇರಲಿಲ್ಲ. ಬೆಳಿಗ್ಗೆ ಹಾಸಿಗೆ ಸುತ್ತಿ ಮೂಲೆಗಿಟ್ಟರೆ ನಡುಮನೆ ಪೂರ್ತಿ ಖಾಲಿ. ಊಟಕ್ಕೆ ಮಣೆ ಬರುತ್ತಿತ್ತು, ಎಲೆ ಎತ್ತಿದ ಮೇಲೆ ಮಣೆಯೂ ಗೋಡೆಗೆ ಒರಗುತ್ತಿತ್ತು. ಸಾಮಾನು ಗೋಡೆಯ ಗೂಡಿನಲ್ಲಿ, ನಾಗಂದಿಗೆಯ ಮೇಲೆ, ಅಟ್ಟದಲ್ಲಿ. ನೆಲ ಜನರಿಗೆ ಬಿಟ್ಟದ್ದು. ಈಗ ಮಾಡುವುದೇನು? ಒಂದು ಕೋಣೆಗೆ 6×6½ರ ಮಂಚ ತಂದು ಹಾಕುತ್ತೇವೆ. ಅವತ್ತಿಗೆ ಆ ಕೋಣೆಯ ಕಥೆ ಮುಗಿಯಿತು, ಮಲಗುವುದಕ್ಕಲ್ಲದೆ ಇನ್ಯಾವುದಕ್ಕೂ ಆಗುವುದಿಲ್ಲ. ನಿಮ್ಮ ಪ್ಲಾನಿನ ನಾಲ್ಕು ಬೆಡ್‌ರೂಮಿನಲ್ಲಿ ಮೂರು, ವರ್ಷದಲ್ಲಿ ಹನ್ನೊಂದು ತಿಂಗಳು ಮಂಚಗಳನ್ನು ಕಾಯುತ್ತ ಕೂತಿರುತ್ತವೆ.

ದೊಡ್ಡಪ್ಪ: ನೆಲದ ಮೇಲೆ ಮಲಗಿ ಏಳೋ ವಯಸ್ಸಲ್ಲಮ್ಮ ನಮ್ಮದು.

ಮಗಳು: ನಿಮಗೆ ಮಂಚ ಬೇಕು, ಅದು ಇರುತ್ತದೆ. ಕೆಳಗಿನ ಬೆಡ್‌ರೂಮು 11×12 ಇಟ್ಟಿದ್ದೇನೆ, ಮಂಚದ ಎರಡೂ ಕಡೆ ಓಡಾಡಲು ಜಾಗವಿದೆ. ಎರಡನೇ ಕೋಣೆ 9×10. ಅಲ್ಲಿ ಮಂಚದ ಬದಲು ಒಂದು ದಿವಾನ, ನಿಮ್ಮ ಪುಸ್ತಕ, ಬರೆಯುವ ಮೇಜು, ದೊಡ್ಡಮ್ಮನ ಹೊಲಿಗೆ ಮಿಷಿನ್ನು. ನೆಂಟರು ಬಂದರೆ ದಿವಾನದ ಹೊಟ್ಟೆಯಿಂದ ಹಾಸಿಗೆ ಈಚೆಗೆ ಬರುತ್ತದೆ. ದಿನಾ ಬಳಸುವ ಕೋಣೆ, ಬೇಕಾದಾಗ ನೆಂಟರ ಕೋಣೆ.

ದೊಡ್ಡಪ್ಪ: ಅದಕ್ಕೆ ಬಾಗಿಲೇ ಇಲ್ಲವಲ್ಲ! ಬರೀ ಪರದೆ ಅಂತ ಬರೆದಿದ್ದೀಯ.

ಮಗಳು: ಹಾಲ್ ಜೊತೆ ಸೇರಿಕೊಂಡರೆ ವಿಶಾಲವಾಗಿ ಕಾಣುತ್ತದೆ ಅಂತ.

ದೊಡ್ಡಪ್ಪ: ಬೇಡ. ಇದರಲ್ಲಿ ಮಾತ್ರ ನಾನು ಬಿಡೋದಿಲ್ಲ. ಆ ಮೂರಂಕಣದ ಮನೆಯನ್ನ ಈಗ ಎಲ್ಲರೂ ಹೊಗಳ್ತಾರೆ, ನೀನೂ ಹೊಗಳಿದೆ. ಆದರೆ ನಮ್ಮಮ್ಮನಿಗೆ ಒಂದು ಗಳಿಗೆ ಒಬ್ಬಳೇ ಕೂತು ಅಳೋದಕ್ಕೆ ಜಾಗ ಇರಲಿಲ್ಲ ಅಲ್ಲಿ. ಹಿತ್ತಿಲಿಗೆ ಹೋಗ್ತಿದ್ದಳು. ನಾನು ಪರೀಕ್ಷೆಗೆ ಓದಿದ್ದು ದೇವಸ್ಥಾನದ ಜಗಲಿ ಮೇಲೆ. ಸೊಸೆ ಬಂದರೆ ಬಟ್ಟೆ ಬದಲಾಯಿಸೋಕೆ, ಮಗುವಿಗೆ ಹಾಲು ಕುಡಿಸೋಕೆ, ಸುಮ್ಮನೆ ಒಂದು ಗಂಟೆ ಮಲಗೋಕೆ ಅವಳಿಗೆ ಹಾಕಿಕೊಳ್ಳೋ ಬಾಗಿಲು ಬೇಕು. ಯಾರಿಗಾದರೂ ಜ್ವರ ಬಂದರೆ ಬೇರೆ ಮಲಗಿಸೋಕೆ ಬೇಕು. ಮನೆ ಚಿಕ್ಕದಾದಷ್ಟೂ ಬಾಗಿಲು ಗಟ್ಟಿ ಇರಬೇಕು.

ಮಗಳು: ಒಪ್ಪಿದೆ. ಪೂರ್ತಿ ಮರದ ಬಾಗಿಲು, ಚಿಲಕ ಒಳಗಿನಿಂದ. ಆ ಗೋಡೆಯನ್ನೂ ಶಬ್ದ ದಾಟದ ಹಾಗೆ ದಪ್ಪ ಕಟ್ಟಿಸೋಣ, ಹಾಲ್‌ನ ಟಿವಿ ಅದಕ್ಕೆ ಒರಗದಿರಲಿ. ಮೇಲಿನ ಕೋಣೆಗೆ ಮೆಟ್ಟಿಲು ಹೊರಗಿನಿಂದ ಇದೆ, ಮಗ ಸೊಸೆಗೆ ಅಲ್ಲಿ ಅವರದೇ ಬಾಗಿಲು, ಅವರದೇ ಬಾತ್‌ರೂಮು. ಅವರಿಲ್ಲದಾಗ ಬೇಕಾದರೆ ಯಾರಾದರೂ ವಿದ್ಯಾರ್ಥಿಗೆ ಬಾಡಿಗೆಗೂ ಕೊಡಬಹುದು, ನಿಮಗೂ ಮನೆಯಲ್ಲಿ ಇನ್ನೊಂದು ಜೀವ ಇದ್ದ ಹಾಗಾಗುತ್ತದೆ.

ದೊಡ್ಡಪ್ಪ: ಅದು ಸರಿ. ಆದರೆ ಹಬ್ಬಕ್ಕೆ ಎಲ್ಲ ಸೇರಿದಾಗ? ಒಬ್ಬಟ್ಟಿನ ದಿನ ಈ ಮನೆ ಹಿಡಿಸುತ್ತಾ?

ಮಗಳು: ಹಾಲ್ ಮತ್ತು ಊಟದ ಜಾಗ ಸೇರಿ 12×18. ನಡುವೆ ಗೋಡೆಯಿಲ್ಲ, ಪ್ಯಾಸೇಜಿಲ್ಲ. ನಿಮ್ಮ 19 ಚದರದ ಮನೆಯ ಹಾಲ್‌ಗಿಂತ ಇದು ದೊಡ್ಡದು, ದೊಡ್ಡಪ್ಪ. ಉದ್ದಕ್ಕೆ ಎಲೆ ಹಾಕಿ ಹದಿನೈದು ಜನ ಕೂರಬಹುದು. ಕೋಣೆಗಳು ಕಮ್ಮಿಯಾದದ್ದರಿಂದಲೇ ಇದು ಸಿಕ್ಕಿತು.

ದೊಡ್ಡಪ್ಪ: ಅಡಿಗೆಮನೆಯನ್ನೂ ಅದಕ್ಕೇ ತೆರೆದು ಬಿಡ್ತೀಯೇನು, ಈಗಿನವರ ಹಾಗೆ? ಒಗ್ಗರಣೆ ಹಾಕಿದರೆ ಮೆಣಸಿನಕಾಯಿ ಘಾಟು ಸೋಫಾಗೆಲ್ಲ ಹತ್ತುತ್ತೆ.

ಮಗಳು: ಪೂರ್ತಿ ತೆರೆಯುವುದಿಲ್ಲ. ನಮ್ಮ ಅಡಿಗೆಗೆ ಅದು ಒಗ್ಗುವುದಿಲ್ಲ. ಒಲೆಯ ಕಡೆ ಗೋಡೆ ಇರುತ್ತದೆ, ಊಟದ ಮೇಜಿನ ಕಡೆ ಎದೆಮಟ್ಟದಲ್ಲಿ ಒಂದು ಅಗಲವಾದ ಕಿಂಡಿ, ಅದಕ್ಕೆ ಸರಿಸುವ ಬಾಗಿಲು. ಒಗ್ಗರಣೆಯ ಹೊತ್ತಿಗೆ ಮುಚ್ಚಿದರಾಯಿತು. ಉಳಿದ ಹೊತ್ತು ದೊಡ್ಡಮ್ಮ ತರಕಾರಿ ಹೆಚ್ಚುತ್ತ ನಿಮ್ಮ ಜೊತೆ ಮಾತಾಡಬಹುದು, ತಟ್ಟೆ ಅಲ್ಲಿಂದಲೇ ದಾಟಿಸಬಹುದು. ಹಿಂದಿನ ಅಂಗಳದಲ್ಲಿ ಒಂದು ಕಲ್ಲಿನ ಕಟ್ಟೆ, ಅಲ್ಲಿಗೊಂದು ಗ್ಯಾಸ್ ಪೈಪು. ಒಬ್ಬಟ್ಟು, ಚಕ್ಕುಲಿ, ಹಪ್ಪಳದ ಕೆಲಸ ಅಲ್ಲಿ ನಡೆಯಲಿ. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಜಾಗವನ್ನು ದಿನದ ಅಡಿಗೆಮನೆಗೆ ಸೇರಿಸಬೇಕಾಗಿಲ್ಲ. ಅದಿರಲಿ, ದೊಡ್ಡಮ್ಮನ ಎತ್ತರ ಎಷ್ಟು?

ದೊಡ್ಡಪ್ಪ: ಐದಡಿಯೂ ಇಲ್ಲ. ಯಾಕೆ?

ಮಗಳು: ಈ ಪ್ಲಾನಿನಲ್ಲಿ ಅಡಿಗೆ ಕಟ್ಟೆ 34 ಇಂಚು. ಅದು ಅವರಿಗಿಂತ ಎತ್ತರದವರ ಅಳತೆ. ನಿಂತಾಗ ಮೊಣಕೈ ಎಲ್ಲಿ ಬರುತ್ತದೋ ಅದಕ್ಕಿಂತ ನಾಲ್ಕು ಇಂಚು ಕೆಳಗೆ ಕಟ್ಟೆ ಇದ್ದರೆ ಭುಜ ಎತ್ತದೆ ಚಪಾತಿ ಲಟ್ಟಿಸಬಹುದು. ಅವರಿಗೆ ಅದು 31, 32 ಬಂದೀತು. ಮೂವತ್ತು ವರ್ಷ ಬಾಡಿಗೆ ಮನೆಗಳ ಕಟ್ಟೆಯ ಮೇಲೆ ಭುಜ ಎತ್ತಿಕೊಂಡೇ ಅವರು ಅಡಿಗೆ ಮಾಡಿದ್ದಾರೆ. ಸ್ವಂತ ಮನೆಯಲ್ಲೂ ಹಾಗೇ ಆದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಒಂದು ಪೈಸೆ ಹೆಚ್ಚಿಗೆ ಖರ್ಚಾಗದ ಕೆಲಸ ಇದು, ಯಾರೋ ಒಬ್ಬರು ಟೇಪ್ ಹಿಡಿದು ಅವರನ್ನು ಅಳೆಯಬೇಕು ಅಷ್ಟೆ.

ದೊಡ್ಡಪ್ಪ: ಅವಳನ್ನ ಇದುವರೆಗೆ ಯಾರೂ ಕೇಳೇ ಇಲ್ಲ, ನಿಜ. ಸಾಮಾನು? ದಸರಾ ಗೊಂಬೆಗಳೇ ಆರು ಪೆಟ್ಟಿಗೆ ಇವೆ. ಹಿತ್ತಾಳೆ ಪಾತ್ರೆಗಳು ಬೇರೆ.

ಮಗಳು: ಬಾತ್‌ರೂಮಿಗೆ ಏಳಡಿ ಎತ್ತರ ಸಾಕು, ಮನೆಯ ತಾರಸಿ ಹತ್ತಡಿಗೆ. ಬಾತ್‌ರೂಮಿನ ತಲೆಯ ಮೇಲೆ ಮೂರಡಿಗೆ ಹತ್ತಿರ ಹತ್ತಿರ ಒಂದು ಅಟ್ಟ ಉಳಿಯುತ್ತದೆ, 6×8. ಗೊಂಬೆ ಪೆಟ್ಟಿಗೆಗಳು ಅಲ್ಲಿ. ವರ್ಷಕ್ಕೊಮ್ಮೆ ಮಗ ಹತ್ತಿ ಇಳಿಸಲಿ, ನೀವು ಏಣಿ ಮುಟ್ಟಬೇಡಿ. ದಿನಾ ಬೇಕಾದದ್ದೆಲ್ಲ ಮಂಡಿಗಿಂತ ಮೇಲೆ, ಕಣ್ಣಿಗಿಂತ ಕೆಳಗೆ.

ದೊಡ್ಡಪ್ಪ: ಬಾತ್‌ರೂಮ್ 6×8? ಎಲ್ಲ ಚಿಕ್ಕದು ಮಾಡಿ ಇದೊಂದನ್ನ ಯಾಕೆ ದೊಡ್ಡದು ಮಾಡಿದೆ? ಕಂಟ್ರಾಕ್ಟರು 4×7 ಹಾಕಿದ್ದಾರೆ.

ಮಗಳು: ಇಲ್ಲಿ ಮಾತ್ರ ನಾನು ಒಂದಡಿಯೂ ಬಿಡುವುದಿಲ್ಲ. ವಯಸ್ಸಾದವರು ಬೀಳುವುದು ಬಚ್ಚಲಲ್ಲಿ. ಒಬ್ಬರನ್ನು ಇನ್ನೊಬ್ಬರು ಹಿಡಿದುಕೊಂಡು ಒಳಗೆ ಹೋಗಬೇಕಾದ ದಿನ ಬಂದರೆ ಎರಡೂವರೆ ಅಡಿ ಬಾಗಿಲಿನಲ್ಲಿ ಇಬ್ಬರು ಒಟ್ಟಿಗೆ ನುಗ್ಗಲಾಗುವುದಿಲ್ಲ. ಗಾಲಿಕುರ್ಚಿ ಒಂದು ಸುತ್ತು ತಿರುಗಲು ಐದಡಿ ಬೇಕು. ಅದಕ್ಕೇ ಬಾಗಿಲು ಮೂರಡಿ, ಹೊಸ್ತಿಲು ಇಲ್ಲ, ಒರಟು ಮೈಯ ಟೈಲ್ಸು, ಗೋಡೆಗೆ ಹಿಡಿ, ಕೂತು ಸ್ನಾನ ಮಾಡಲು ಕಟ್ಟಿದ ಕಲ್ಲು. ಬೆಡ್‌ರೂಮಿನಿಂದ ಒಂದು ಬಾಗಿಲು, ಹಾಲ್ ಕಡೆಯಿಂದ ಒಂದು. ನಾಲ್ಕು ಇಕ್ಕಟ್ಟಿನ ಬಾತ್‌ರೂಮಿಗಿಂತ ಇಂಥ ಒಂದು ಮೇಲು. ಮಹಡಿಯ ಮೇಲಿನ ದೊಡ್ಡ ಮಾಸ್ಟರ್ ಬೆಡ್‌ರೂಮಿನ ಆಸೆಯನ್ನೂ ಬಿಟ್ಟುಬಿಡಿ. ಇನ್ನು ಹತ್ತು ವರ್ಷಕ್ಕೆ ಮಂಡಿ ಏನು ಹೇಳುತ್ತದೋ!

ದೊಡ್ಡಪ್ಪ: ಮಂಡಿ ಈಗಲೇ ಹೇಳ್ತಾ ಇದೆ. ಹ್ಞೂ, ವಾಸ್ತು?

ಮಗಳು: ಆಗ್ನೇಯಕ್ಕೆ ಅಡಿಗೆಮನೆ, ಈಶಾನ್ಯಕ್ಕೆ ದೇವರು, ನೈಋತ್ಯಕ್ಕೆ ನಿಮ್ಮ ಕೋಣೆ. ದೊಡ್ಡಮ್ಮನ ಮನಸ್ಸು ನಿರಾಳವಾಗಿರಬೇಕು, ಅದರಲ್ಲಿ ಚೌಕಾಸಿ ಇಲ್ಲ. ತೊಂದರೆ ಒಂದೇ, ನೈಋತ್ಯದ ಕೋಣೆಯ ಪಶ್ಚಿಮ ಗೋಡೆಗೆ ಸಂಜೆ ಬಿಸಿಲು ನೇರ ಹೊಡೆಯುತ್ತದೆ. ಇಳಿಬಿಸಿಲಿಗೆ ಸಜ್ಜಾ ಅಡ್ಡ ಬರುವುದಿಲ್ಲ. ಆ ಗೋಡೆಯುದ್ದಕ್ಕೂ ಎರಡಡಿ ಆಳದ ಬಟ್ಟೆ ಕಪಾಟು ಮಾಡಿಸುತ್ತೇನೆ. ಕಾದ ಗೋಡೆಗೂ ನಿಮ್ಮ ಮಂಚಕ್ಕೂ ನಡುವೆ ಬಟ್ಟೆಯ ರಾಶಿ ಇರುತ್ತದೆ, ಪ್ರತ್ಯೇಕ ಬೀರು ಇಡುವ ಜಾಗವೂ ಉಳಿಯಿತು.

ದೊಡ್ಡಪ್ಪ: ಗೋಡೆ ಇಟ್ಟಿಗೆಯದೇ ತಾನೆ?

ಮಗಳು: ಇಟ್ಟಿಗೆಯದೇ, ಕಟ್ಟುವ ರೀತಿ ಬೇರೆ. ಲಾರಿ ಬೇಕರ್ ಹೆಸರು ಕೇಳಿದ್ದೀರಲ್ಲ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆ ನಿಂತು, 2007ರಲ್ಲಿ ಅಲ್ಲೇ ತೀರಿಕೊಂಡವರು. ಅವರು ಕೇರಳದಲ್ಲಿ ಬಳಕೆಗೆ ತಂದ ‘ರ‍್ಯಾಟ್ ಟ್ರ್ಯಾಪ್ ಬಾಂಡ್’ ಅನ್ನುವ ಕಟ್ಟಣೆಯಲ್ಲಿ ಇಟ್ಟಿಗೆಯನ್ನು ಮಲಗಿಸುವುದಿಲ್ಲ, ಮಗ್ಗುಲ ಮೇಲೆ ನಿಲ್ಲಿಸುತ್ತಾರೆ. ಗೋಡೆ ಒಂಬತ್ತು ಇಂಚೇ ಆದರೂ ಒಳಗೆ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಆ ಟೊಳ್ಳಿನ ಗಾಳಿ ಹೊರಗಿನ ಕಾವನ್ನು ಒಳಗೆ ಬಿಡಲು ತಡಮಾಡುತ್ತದೆ. ತಾರಸಿಗೂ ಅವರದೇ ದಾರಿ. ಕಾಂಕ್ರೀಟಿನ ಕೆಳಭಾಗದಲ್ಲಿ, ಅದಕ್ಕೆ ಹೆಚ್ಚು ಕೆಲಸವಿಲ್ಲದ ಕಡೆ, ಮಂಗಳೂರು ಹೆಂಚು ಇಟ್ಟು ತುಂಬಿಸುವುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹೆಂಚು ಇವತ್ತಿಗೂ ಹಳೇ ಮನೆ ಕೆಡವಿದ ಕಡೆ ಅಗ್ಗಕ್ಕೆ ಸಿಗುತ್ತದೆ. ಸಿಮೆಂಟು ಕಮ್ಮಿ, ತಾರಸಿಯ ಭಾರ ಕಮ್ಮಿ. ಈ ಕಟ್ಟಣೆ ಗೊತ್ತಿರುವ ಗಾರೆಯವರನ್ನೇ ಹುಡುಕಬೇಕು, ಅದೊಂದು ಕಷ್ಟ ಇದೆ.

ದೊಡ್ಡಪ್ಪ: ಬೆಳಕು? ನೀನು ಮೊದಲು ಕೇಳಿದ್ದೇ ಅದು.

ಮಗಳು: ಕೆಳಗಿನ ಮನೆಯ ಮೇಲೆ ಒಂದೇ ಕೋಣೆ ಕಟ್ಟುತ್ತಿರುವುದರಿಂದ ಹಾಲ್‌ನ ನೆತ್ತಿ ಆಕಾಶಕ್ಕೆ ತೆರೆದಿದೆ. ಅಲ್ಲಿ ಒಂದು ಬೆಳಕಿಂಡಿ ಎತ್ತುತ್ತೇನೆ, ಮೇಲೆ ಗಾಜು, ಪಕ್ಕಕ್ಕೆ ಜಾಲರಿ. ಬೆಳಕೂ ಇಳಿಯುತ್ತದೆ, ಮೇಲೇರಿದ ಬಿಸಿಗಾಳಿಯೂ ಹೊರಗೆ ಹೋಗುತ್ತದೆ. ಎರಡು ಅಂತಸ್ತು ಪೂರ್ತಿ ಕಟ್ಟಿದ್ದರೆ ಇದು ಸಾಧ್ಯವೇ ಇರಲಿಲ್ಲ. ಮಲಗುವ ಕೋಣೆ ಮೂಲೆಯಲ್ಲಿದೆ, ಹಾಗಾಗಿ ಎರಡು ಗೋಡೆಯಲ್ಲಿ ಕಿಟಕಿ ಇಡಬಹುದು. ಪಶ್ಚಿಮದ್ದು ಕಪಾಟಿನ ಮೇಲೆ ಸಣ್ಣದು, ದಕ್ಷಿಣದ್ದು ದೊಡ್ಡದು. ಕ್ರಿಸ್ಟೊಫರ್ ಅಲೆಕ್ಸಾಂಡರ್ ಮತ್ತು ಜೊತೆಗಾರರು 1977ರಲ್ಲಿ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಅನ್ನುವ ಪುಸ್ತಕದಲ್ಲಿ ಇದನ್ನೇ ಒತ್ತಿ ಹೇಳಿದರು. ಒಂದೇ ಕಡೆಯಿಂದ ಬೆಳಕು ಬರುವ ಕೋಣೆಯಲ್ಲಿ ಜನ ನಿಲ್ಲುವುದಿಲ್ಲ, ಎರಡು ಕಡೆಯಿಂದ ಬರುವ ಕೋಣೆಗೆ ತಾವಾಗಿ ಬಂದು ಸೇರುತ್ತಾರೆ ಅಂತ. ಆರಡಿಗಿಂತ ಕಮ್ಮಿ ಆಳದ ಬಾಲ್ಕನಿಯನ್ನು ಯಾರೂ ಬಳಸುವುದಿಲ್ಲ ಅಂತಲೂ ಹೇಳಿದ್ದಾರೆ. ನಿಮ್ಮ ಪ್ಲಾನಿನ ಬಾಲ್ಕನಿ ಮೂರಡಿ. ಅಲ್ಲಿ ಬಟ್ಟೆ ಒಣಗುತ್ತದೆ, ಮನುಷ್ಯರು ಕೂರುವುದಿಲ್ಲ.

ದೊಡ್ಡಪ್ಪ: ಹಾಗಾದರೆ ನಿನ್ನ ಜಗಲಿ?

ಮಗಳು: 6×11, ರಸ್ತೆಗೆ, ಪೂರ್ವಕ್ಕೆ. ಕಾರಿನ ಪೋರ್ಟಿಕೋ ತೆಗೆದುಹಾಕಿದೆ, ನಿಮ್ಮದು ಸ್ಕೂಟರು, ಅದಕ್ಕೆ ಮೆಟ್ಟಿಲ ಕೆಳಗೆ ಜಾಗವಿದೆ. ಎರಡು ಕುರ್ಚಿ, ನಡುವೆ ಒಂದು ಸ್ಟೂಲು, ಕಾಲು ಚಾಚಿದರೂ ಹಾದುಹೋಗುವವರಿಗೆ ದಾರಿ. ರೆಡ್ ಆಕ್ಸೈಡ್ ನೆಲ, ಒಂದು ಮಗ್ಗುಲಿಗೆ ಹದಿನೆಂಟು ಇಂಚಿನ ಕಟ್ಟೆ. ಒಂಬತ್ತು ಗಂಟೆಯವರೆಗೆ ಎಳೆಬಿಸಿಲು, ಆಮೇಲೆ ನೆರಳು. ಟ್ಯೂಷನ್ನಿಗೆ ಬರುವ ಹುಡುಗರು ಅಲ್ಲೇ ಕೂರಬಹುದು, ಹೂವಿನವಳು ಬಂದರೆ ದೊಡ್ಡಮ್ಮ ಅಲ್ಲೇ ಕೂತು ಮಾತಾಡಬಹುದು. ಚಿಕ್ಕ ಮನೆಗೆ ಇಂಥ ಒಂದು ಜಗಲಿ ಇದ್ದರೆ ಬೀದಿಯೂ ಮನೆಗೆ ಸೇರಿದ ಹಾಗೆ.

ದೊಡ್ಡಪ್ಪ: ಮುಂದೆ ಮಾರಬೇಕಾಗಿ ಬಂದರೆ? ಚದರ ಹೆಚ್ಚಿದ್ದರೆ ಬೆಲೆ ಅಂತ ಎಲ್ಲರೂ ಹೇಳ್ತಾರೆ.

ಮಗಳು: ಪಾಯವನ್ನು ಇನ್ನೊಂದು ಅಂತಸ್ತು ಹೊರುವ ಹಾಗೆ ಹಾಕಿಸುತ್ತೇನೆ. ಮಗನಿಗೋ ಕೊಂಡವರಿಗೋ ಬೇಕಾದರೆ ಅವರು ಕಟ್ಟಿಕೊಳ್ಳಲಿ. ಯಾರೋ ಮುಂದೆ ಕೊಳ್ಳಬಹುದಾದ ಮನೆಗೆ ನೀವಿಬ್ಬರು ಇಪ್ಪತ್ತು ವರ್ಷ ಕಾವಲಿರುವುದು ಬೇಡ.

ದೊಡ್ಡಪ್ಪ: ಸರಿ ಕಣಮ್ಮ. ಒಂಬತ್ತು ಚದರ ಆಗಲಿ. ಎರಡನೇ ಕೋಣೆಗೆ ಬಾಗಿಲು ಮರೀಬೇಡ. ನಾಳೆ ನಿಮ್ಮ ದೊಡ್ಡಮ್ಮನನ್ನ ಕೂರಿಸಿಕೊಂಡು ಮೊದಲು ಅಡಿಗೆಮನೆ ಬರೆ, ಮಿಕ್ಕಿದ್ದು ಆಮೇಲೆ. ಕಂಟ್ರಾಕ್ಟರಿಗೆ ನಾನೇ ಹೇಳ್ತೀನಿ.

ಮಗಳು: ನಿಮ್ಮಿಂದ ಒಂದು ಮಾತು ಬೇಕು ದೊಡ್ಡಪ್ಪ. ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿದ ದಿನ ಕೋಣೆಗಳು ತೀರಾ ಚಿಕ್ಕದಾಗಿ ಕಾಣುತ್ತವೆ. ಬಯಲಿನಲ್ಲಿ ಯಾವ ಪಾಯವೂ ಹಾಗೇ ಕಾಣುವುದು. ಗೋಡೆ ಎದ್ದು ಕಿಟಕಿ ಕೂತ ಮೇಲೆ ಕೋಣೆ ತನ್ನ ಅಳತೆಗೆ ಬರುತ್ತದೆ. ಎಷ್ಟೋ ಮನೆಗಳು ಕೆಟ್ಟದ್ದು ಆ ದಿನವೇ. ಮನೆಯವರು ಗಾಬರಿಯಾಗಿ ‘ಇಲ್ಲಿ ಎರಡಡಿ ಹಾಕಿ, ಅಲ್ಲಿ ಒಂದಡಿ ಎಳೀರಿ’ ಅಂದುಬಿಡುತ್ತಾರೆ, ಪಕ್ಕದ ಗಾಳಿ ಬೆಳಕು ಅಲ್ಲಿಗೆ ಹೋಯಿತು. ಬದಲಾಯಿಸಬೇಕಾದದ್ದನ್ನೆಲ್ಲ ಈಗಲೇ, ಕಾಗದದ ಮೇಲೆ ಬದಲಾಯಿಸಿ. ಗೆರೆ ಬಿದ್ದ ಮೇಲೆ ಒಂದಿಂಚೂ ಹೆಚ್ಚಿಸಬೇಡಿ.